ಪಾಪಯ್ಯನವರು ಒರೆಸಿಹಾಕಿದ ತುಕ್ಕು

ಡೆಂಕಣಿಕೋಟೆ ಸೀಮೆಯಲ್ಲಿ ಬಂದೂಕು ಹಿಡಿದವರು ನೂರಾರು ಮಂದಿ ಇದ್ದಾರೆ. ಬಂದೂಕಿನ ಒಳಗುಟ್ಟು ಬಲ್ಲವರು ಶ್ರೀಮಾನ್ ಪಾಪಯ್ಯನವರೊಬ್ಬರೇ ಎಂದರೆ ಅವರ ಸನ್ಮಾನದ ಈ ಸಂಪುಟವನ್ನು ಕೈಗೆತ್ತಿಕೊಂಡ ಹಿರಿಯರಾರೂ ಹುಬ್ಬು ಗಂಟಿಕ್ಕಲಾರರು. ಕಾಡು ಕಾಯುವ ಗಾರ್ಡುಗಳಿಗೆ ಕೊಡುವ ರೈಫಲುಗಳನ್ನು ಇಡುತ್ತಿದ್ದ ಕೊಠಡಿಯಲ್ಲಿ ಅವರು ಸಾವಿರದ ಒಂಬೈನೂರ ಹದಿನೇಳರಿಂದ ಮೊನ್ನೆ ನಲವತ್ತೊಂಬತ್ತರ ಮಾರ್ಚಿಯವರೆಗೆ ಮೂವತ್ತೆರಡು ವರ್ಷ ಸೇವೆ ಸಲ್ಲಿಸಿದರು. ಇಲಾಖೆಯ ಹೆಸರು ಇಲ್ಲಿ ಬೇಡ, ಊರಿನವರಿಗೆಲ್ಲ ಗೊತ್ತೇ ಇದೆ. ಅಷ್ಟೂ ವರ್ಷ ಅವರು ದಿನಬೆಳಗಾದರೆ ಗುದ್ದಾಡಿದ ವೈರಿ ತುಕ್ಕು.

ರೈಫಲಿನ ಹೊಟ್ಟೆಯಡಿ ಒಂದು ಉಕ್ಕಿನ ಡಬ್ಬಿ ಕೂರುತ್ತದೆ. ಅದಕ್ಕೆ ಮ್ಯಾಗಜಿನ್ ಎಂದು ಹೆಸರು. ಗುಂಡುಗಳನ್ನು ಒಂದರ ಮೇಲೊಂದು ತುಂಬಿದರೆ ಕೆಳಗಿನ ಸ್ಪ್ರಿಂಗು ಒಂದು ಪುಟ್ಟ ತಟ್ಟೆಯನ್ನು ನೂಕುತ್ತದೆ, ತಟ್ಟೆ ಗುಂಡನ್ನು ಮೇಲಕ್ಕೆತ್ತುತ್ತದೆ. ತಟ್ಟೆ ಸಿಕ್ಕಿಕೊಂಡರೆ ಗುಂಡು ಮೇಲೇಳದು, ಬಂದೂಕು ಬರಿದೇ ಟಕ್ಕೆನ್ನುತ್ತದೆ. ನಳಿಕೆಯ ತುಕ್ಕು ಎಂಥ ಕುರುಡನಿಗೂ ಕಾಣುತ್ತದೆ, ಡಬ್ಬಿಯೊಳಗಿನ ತುಕ್ಕು ಯಾರಿಗೂ ಕಾಣುವುದಿಲ್ಲ ಎಂಬುದು ಪಾಪಯ್ಯನವರ ಮೊದಲ ಪಾಠ. ಗಾರ್ಡುಗಳು ಮನೆಯ ಹಿತ್ತಾಳೆ ಚೊಂಬನ್ನು ಬೆಳಗಿದಂತೆ ಡಬ್ಬಿಯನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡಿ ತಂದರೆ ಅವರಿಗೆ ನಖಶಿಖಾಂತ ಉರಿಯುತ್ತಿತ್ತು. "ಲೋ, ಇದೇನು ನಿಮ್ಮತ್ತೆ ಮನೆ ಚೊಂಬು ಅಂದ್ಕೊಂಡ್ಯೇನ್ಲಾ? ಆ ಹುಳಿ ಒಳಗಡೆ ಮೂಲೇಲಿ ಕುಂತ್ಕೊಂಡು ಮೂರು ದಿನಕ್ಕೆ ಮತ್ತೆ ಕೆಂಪಗೆ ಮಾಡ್ತದೆ ಕಣ್ಲಾ!" ಎಂದು ಗದರಿ, ತಟ್ಟೆ ಸ್ಪ್ರಿಂಗುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿ, ಎಣ್ಣೆ ಬಟ್ಟೆಯನ್ನು ಒಮ್ಮೆ ಮಾತ್ರ ಆಡಿಸುತ್ತಿದ್ದರು. ಎಣ್ಣೆ ಹೆಚ್ಚಾದರೆ ದೂಳು ಅಂಟುತ್ತದೆ, ಬೆವರಿದ ಕೈಯಿಂದ ಮುಟ್ಟಿದರೆ ಬೆರಳಿನ ಗುರುತೇ ತುಕ್ಕಾಗಿ ಏಳುತ್ತದೆ. ಇಷ್ಟನ್ನೂ ಬೈಗುಳದ ನಡುನಡುವೆಯೇ ಅವರು ಮೂರು ತಲೆಮಾರಿನ ಗಾರ್ಡುಗಳಿಗೆ ಕಲಿಸಿದರು.

ಬೈದವರೇ ಉಣ್ಣಿಸುತ್ತಿದ್ದರು ಎಂಬುದನ್ನೂ ಹೇಳಬೇಕು. ಮಳೆಗಾಲದಲ್ಲಿ ಅಂಚೆಟ್ಟಿಯ ಕಡೆಯಿಂದ ದಿನವಿಡೀ ನಡೆದು, ತುಕ್ಕು ಹಿಡಿದ ಡಬ್ಬಿಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಇವತ್ತು ಕೆಲಸ ಹೋಯಿತೆಂದೇ ನಡುಗುತ್ತ ಬಂದ ಗಾರ್ಡಿಗೆ ಮೊದಲು ಕೈಕಾಲು ತೊಳೆಯಲು ಬಿಸಿನೀರು, ಆಮೇಲೆ ಮನೆಯಿಂದ ಮಡದಿ ಅಕ್ಕಯಮ್ಮನವರ ಕೈಯ ಮುದ್ದೆ, ಹುರುಳಿ ಸಾರು. ಅಷ್ಟರಲ್ಲಿ ಡಬ್ಬಿ ಶುದ್ಧವಾಗಿರುತ್ತಿತ್ತು. ಮೇಲಿನವರಿಗೆ ಒಂದು ಸೊಲ್ಲೂ ಹೋಗುತ್ತಿರಲಿಲ್ಲ. ಕೈಗೆ ಬಂದದ್ದನ್ನು ಮೊದಲು ಒರೆಸು, ಆಮೇಲೆ ಮಾತು ಎಂಬುದು ಅವರ ಪದ್ಧತಿ. ಆ ಪದ್ಧತಿಯಿಂದ ಎಷ್ಟೋ ಬಡವರ ಕೆಲಸ ಉಳಿಯಿತು. ಒಬ್ಬನ ಕೆಲಸ ಅದರಿಂದಲೇ ಹೋಯಿತು.

ಆ ಒಬ್ಬನ ವಿಷಯವನ್ನು ಸಂಪಾದಕ ಸಮಿತಿಯವರು ಕೈಬಿಡಬೇಕೆಂದಿದ್ದರು. ಸನ್ಮಾನದ ಹೊತ್ತಿನಲ್ಲಿ ಅದೆಲ್ಲ ಏಕೆ ಎಂಬುದು ಅವರ ಮಾತು, ತಪ್ಪೇನಲ್ಲ. ಆದರೆ ಪಾಪಯ್ಯನವರು ಪಟ್ಟು ಬಿಡಲಿಲ್ಲ. "ಚಿನ್ನಪ್ಪನ ಇಚಾರ ಬರೀದಿದ್ರೆ ನನ್ನ ಹೆಸ್ರೂ ಬರೀಬ್ಯಾಡಿ. ಶಾಲು ಗೀಲು ಯಾವ್ದೂ ಬ್ಯಾಡ" ಎಂದು ಎದ್ದೇ ಬಿಟ್ಟರು. ಆದಕಾರಣ ಇಲ್ಲಿಂದ ಮುಂದಿನದು ಹೊಗಳಿಕೆಯಂತೆ ಕಾಣದಿದ್ದರೆ ಓದುಗರು ಮನ್ನಿಸಬೇಕು.

ಸಾವಿರದ ಒಂಬೈನೂರ ನಲವತ್ತಮೂರು. ಯುದ್ಧದ ದೆಸೆಯಿಂದ ಸೀಮೆಎಣ್ಣೆಗೂ ಬರ, ಬಂದೂಕಿಗೆ ಹಚ್ಚುವ ಎಣ್ಣೆಗೂ ಬರ. ಪಾಪಯ್ಯನವರು ಮೂರು ಸಲ ಬರೆದರೂ ಮೇಲಿನಿಂದ ತೊಟ್ಟು ಎಣ್ಣೆ ಬರಲಿಲ್ಲ. ಆ ಕಾರ್ತಿಕದಲ್ಲಿ ಮಳೆ ಬಿಟ್ಟೂಬಿಡದೆ ಹಿಡಿದುಕೊಂಡಿತು. ಸಾನಮಾವಿನ ಕಾಡಿನಂಚಿನಲ್ಲಿ ತೆನೆಗಟ್ಟಿದ ರಾಗಿ ಹೊಲಗಳಿಗೆ ಆನೆಗಳು ಇಳಿಯುತ್ತಿದ್ದುದರಿಂದ ಗಾರ್ಡು ಚಿನ್ನಪ್ಪನನ್ನು ಒಂದು ರೈಫಲು ಕೊಟ್ಟು ಅಲ್ಲಿ ನಿಲ್ಲಿಸಿದ್ದರು. ಅವನ ಜೊತೆಗೆ ಆನೆಯ ಜಾಡು ಹಿಡಿಯಲು ಆವುಲಪ್ಪ ಇದ್ದ. ಚಿನ್ನಪ್ಪನ ಹೆಂಡತಿ ಮುನಿರತ್ನಮ್ಮನ ಒಡಹುಟ್ಟಿದವನು. ನಲವತ್ತು ದಿನ ಆ ರೈಫಲು ಸೋರುವ ಗುಡಿಸಲಲ್ಲಿ, ನೆಂದ ಗೋಣಿಯ ಕೆಳಗೆ, ಎಣ್ಣೆಯ ಮುಖ ಕಾಣದೆ ಇತ್ತು.

ಒಂದು ದಿನ ಸಂಜೆ ಬೆಳಕಿರುವಾಗಲೇ ಒಂಟಿ ಸಲಗ ನುಗ್ಗಿತು. ಚಿನ್ನಪ್ಪ ಹಾರಿಸಿದ ಮೊದಲ ಗುಂಡು ಅದರ ನೆತ್ತಿ ಸವರಿಕೊಂಡು ಹೋಯಿತು. ಆನೆ ತಿರುಗಿತು. ಅವನು ಎರಡನೆಯ ಸಲ ಬಂದೂಕಿನ ಕುದುರೆ ಎಳೆದರೆ ಟಕ್ಕೆಂದಿತೇ ಹೊರತು ಗುಂಡು ಹಾರಲಿಲ್ಲ. ಅಷ್ಟರಲ್ಲಿ ಆವುಲಪ್ಪ ಆನೆಯ ಕಾಲ ಕೆಳಗಿದ್ದ.

ಮಾರನೆಯ ಬೆಳಗ್ಗೆ ಊರಿನವರು ರೈಫಲನ್ನು ತಂದು ಪಾಪಯ್ಯನವರ ಮೇಜಿನ ಮೇಲಿಟ್ಟು, ಆವುಲಪ್ಪನ ಸುದ್ದಿಯನ್ನಷ್ಟೇ ಹೇಳಿ ಹೆಣದ ಕಡೆಗೆ ಓಡಿದರು. ಪಾಪಯ್ಯನವರ ಕಣ್ಣಲ್ಲಿ ನೀರು, ಕೈ ಮಾತ್ರ ತನ್ನ ಪಾಡಿಗೆ ತಾನು ಡಬ್ಬಿಯನ್ನು ಕಳಚಿತು. ತಟ್ಟೆಯನ್ನು ಒತ್ತಿದರೆ ಕೆಳಗೆ ಹೋದದ್ದು ಮೇಲೆ ಬರಲೊಲ್ಲದು. ಡಬ್ಬಿಯ ಒಳಗೋಡೆಗೆ ಕೆಂಪು ತುಕ್ಕು ಹಕ್ಕಳೆಗಟ್ಟಿತ್ತು. ಛೆ, ಎಂಥ ಗತಿ ಬಂತು ಈ ಡಬ್ಬಿಗೆ ಎಂದುಕೊಂಡು ಅವರು ಮನೆಯ ದೀಪದಲ್ಲಿ ಉಳಿದಿದ್ದ ಸೀಮೆಎಣ್ಣೆಯನ್ನು ತರಿಸಿ, ನೆನೆಸಿ, ಉಜ್ಜಿ, ಒಣಗಿಸಿ, ತಟ್ಟೆ ಚಂಗನೆ ನೆಗೆಯುವವರೆಗೆ ಬಿಡಲಿಲ್ಲ. ಇಪ್ಪತ್ತಾರು ವರ್ಷ ಮಾಡಿದ್ದನ್ನೇ ಅವತ್ತೂ ಮಾಡಿದರು. ತಾವು ಒರೆಸಿಹಾಕಿದ್ದು ಚಿನ್ನಪ್ಪನ ಪಾಲಿನ ಒಂದೇ ಒಂದು ಸಾಕ್ಷಿಯನ್ನು ಎಂಬುದು ಡಬ್ಬಿಯನ್ನು ಒಣಗಿಸಿಟ್ಟ ಮೇಲೆ ಅವರಿಗೆ ಹೊಳೆಯಿತು.

ಆಗಲಾದರೂ ಬಾಯಿ ಬಿಡಬಹುದಾಗಿತ್ತು. ಮೂರನೆಯ ದಿನ ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಚಿನ್ನಪ್ಪ, "ಕುದ್ರೆ ಎಳೆದೆ ಸಾಮಿ, ಟಕ್ಕಂತು" ಎಂದು ಕೈಮುಗಿದು ನಿಂತಿದ್ದ. ಅಧಿಕಾರಿಗಳು ಪಾಪಯ್ಯನವರತ್ತ ತಿರುಗಿ, ಡಬ್ಬಿಯಲ್ಲಿ ದೋಷವಿತ್ತೇ ಎಂದು ಕೇಳಿದರು. ಪಾಪಯ್ಯನವರ ಕೊಠಡಿಯ ಡಬ್ಬಿಗೆ ತುಕ್ಕು ಹಿಡಿದಿತ್ತೆಂದು ಮೂವತ್ತು ಮಂದಿಯ ಮುಂದೆ ಪಾಪಯ್ಯನವರೇ ಹೇಳುವುದೇ! ಡಬ್ಬಿಯನ್ನು ಮುಂದೆ ಚಾಚಿ, "ನೋಡಿ ಸ್ವಾಮಿ" ಎಂದಷ್ಟೇ ಅಂದರು. ಅಧಿಕಾರಿಗಳು ಹೆಬ್ಬೆಟ್ಟಿನಿಂದ ಒತ್ತಿದರು, ತಟ್ಟೆ ನೆಗೆಯಿತು. "ನಿನ್ನಂಥ ಕೆಲಸಗಾರರು ಇನ್ನು ನಾಲ್ವರಿದ್ದಿದ್ದರೆ ಇಲಾಖೆ ಉದ್ಧಾರವಾಗುತ್ತಿತ್ತು" ಎಂದು ಅವರ ಬೆನ್ನು ತಟ್ಟಿ, ಹೆದರಿ ಗುಂಡು ಹಾರಿಸದೆ ನಿಂತ ಅಪರಾಧಕ್ಕಾಗಿ ಚಿನ್ನಪ್ಪನನ್ನು ಅಲ್ಲೇ ಕೆಲಸದಿಂದ ತೆಗೆದರು. ಪಾಪಯ್ಯನವರ ಸೇವಾ ಪುಸ್ತಕದಲ್ಲಿ ಮೆಚ್ಚುಗೆಯ ಮಾತೊಂದು ಸೇರಿಕೊಂಡಿತು. ಈ ಸಂಪುಟದ ಬೇರೆ ಲೇಖನಗಳಲ್ಲಿ ಅದನ್ನು ಹಾಡಿ ಹೊಗಳಿದ್ದಾರೆ, ಪಾಪ, ಅವರಿಗೆ ತಿಳಿಯದು.

ಆಮೇಲಿನ ಐದಾರು ವರ್ಷ ಪಾಪಯ್ಯನವರು ಹೊರಗೆ ಎಂದಿನಂತೆಯೇ ಇದ್ದರು. ಆದರೆ ಕೈಗೆ ಬಂದ ಯಾವ ಡಬ್ಬಿಯನ್ನೂ ಇಬ್ಬರನ್ನು ಕರೆದು ಒಳಗನ್ನು ತೋರಿಸದೆ ಒರೆಸುತ್ತಿರಲಿಲ್ಲ. ಇದೇನಪ್ಪ ಹೊಸ ಮಡಿ ಎಂದು ಗಾರ್ಡುಗಳು ನಗುತ್ತಿದ್ದರು. ಪ್ರತಿ ವರ್ಷ ಕಾರ್ತಿಕ ಬಂದರೆ, ಈ ಸಲ ಚಿನ್ನಪ್ಪನ ಊರಿಗೆ ಹೋಗಿ ಹೇಳಿಬಿಡುತ್ತೇನೆ ಎಂದು ಅಕ್ಕಯಮ್ಮನವರ ಮುಂದೆ ಹೊರಟು ನಿಲ್ಲುವರು. ಹೇಳಿದರೆ ಕೆಲಸ ಹೋದೀತು, ಪಿಂಚಣಿ ನಿಂತೀತು ಎಂಬ ಅಳುಕು ಕಾಲನ್ನು ಕಟ್ಟಿಹಾಕುವುದು. ಒಳ್ಳೆಯವರಿಗೂ ಹೆದರಿಕೆ ಇರುತ್ತದೆ, ಏನು ಮಾಡುವುದು. ಆ ಹೆದರಿಕೆಯ ಹೆಸರು ಮಾತ್ರ ಚಿನ್ನಪ್ಪನಿಗೆ ಅಂಟಿಕೊಂಡಿತು.

ನಿವೃತ್ತರಾದ ಮರುವಾರವೇ ಅವರು ಇಲಾಖೆಗೆ ನಡೆದದ್ದೆಲ್ಲವನ್ನೂ ಬರೆದು ಹಾಕಿ, ಅಂಚೆಟ್ಟಿಯವರೆಗೆ ಬಸ್ಸಿನಲ್ಲಿ, ಮುಂದೆ ಮೂರು ಹರದಾರಿ ಕಾಲ್ನಡಿಗೆಯಲ್ಲಿ ಚಿನ್ನಪ್ಪನ ಊರಿಗೆ ಹೋದರು. ಚಿನ್ನಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ, ಮುನಿರತ್ನಮ್ಮ ಹುರುಳಿ ಕೇರುತ್ತಿದ್ದಳು. ಪಾಪಯ್ಯನವರು ಕೂರಲಿಲ್ಲ.

"ಚಿನ್ನಪ್ಪ, ಅವತ್ತು ತಪ್ಪು ನಿಂದಲ್ಲ. ಡಬ್ಬಿ ಒಳಗೆ ತುಕ್ಕು ಹಿಡ್ದು ತಟ್ಟೆ ಸಿಕ್ಕಾಕ್ಕೊಂಡಿತ್ತು. ನಾನೇ ಕಣ್ಣಾರೆ ನೋಡ್ದೆ. ನೋಡಿ ತಿಕ್ಬುಟ್ಟೆ. ಸಾಹೇಬ್ರ ಮುಂದೆ ಬಾಯಿ ಬಿಡ್ಲಿಲ್ಲ."

ಚಿನ್ನಪ್ಪ ಹೊಸೆದ ಹಗ್ಗದ ಎಳೆಗಳನ್ನು ಬಿಚ್ಚುತ್ತ, "ಟಕ್ಕಂದಿದ್ದು ನನ್ನ ಕಿವಿಗೆ ಕೇಳಿತ್ತು ಸಾಮಿ. ಎಲ್ರೂ ಇಲ್ಲ ಅಂದ್ರು. ಒಂದು ವರ್ಸ ಆದ್ಮೇಲೆ ನಾನೂ ಇಲ್ಲ ಅಂದ್ಕೊಂಡೆ. ನಾನೇ ಹೆದ್ರಿ ನಿಂತ್ಬುಟ್ಟೆ, ಬಾಮೈದನ್ನ ನಾನೇ ಸಾಯಿಸ್ದೆ ಅಂತ ನಂಬ್ಬುಟ್ಟಿದ್ದೆ" ಎಂದ.

ಮುನಿರತ್ನಮ್ಮ ಮೊರವನ್ನು ಕೆಳಗಿಟ್ಟಳು. "ನಮ್ಮವ್ವ ಹೋದ ದೀಪಾವಳೀಲಿ ತೀರ್ಕೊಂಡ್ಳು. ಕೊನೇಗಂಟ ಇವ್ರನ್ನ ಹೊಸ್ಲು ತುಳಿಯಕ್ಕೆ ಬಿಡ್ಲಿಲ್ಲ. ನೀವು ಆರು ತಿಂಗ್ಳು ಮುಂಚೆ ಬಂದಿದ್ರೂ ಆಗ್ತಿತ್ತು ಸಾಮಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಪಾಪಯ್ಯನವರು ಇವತ್ತಿಗೂ ಹೇಳುತ್ತಾರೆ. ಆರು ತಿಂಗಳ ಹಿಂದೆ ಅವರು ಪಿಂಚಣಿಯ ಕಾಗದಕ್ಕಾಗಿ ಕಾಯುತ್ತಿದ್ದರು.

ಅವರು ಹೊರಡುವಾಗ ಚಿನ್ನಪ್ಪ ಹಿಂದೆಯೇ ಬಂದ. "ನಿಮ್ಗೆ ಪುಸ್ತಕ ಮಾಡ್ತಾರಂತೆ. ಅದ್ರಲ್ಲಿ ಇದನ್ನ ಹಾಕ್ಸಿ ಸಾಮಿ. ನನ್ನ ಮಾತು ಊರಲ್ಲಿ ಯಾರೂ ನಂಬಲ್ಲ, ಅಚ್ಚಾಗಿದ್ದನ್ನ ನಂಬ್ತಾರೆ" ಎಂದ.

ಇಲಾಖೆಯಿಂದ ಇನ್ನೂ ಉತ್ತರ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ನಮ್ಮ ಹಿರಿಯರಾದ ಪಾಪಯ್ಯನವರಿಗೂ ಅಕ್ಕಯಮ್ಮನವರಿಗೂ ದೇವರು ಗಟ್ಟಿಯಾದ ಮೈಯನ್ನು, ಮಂಜಾಗದ ಕಣ್ಣನ್ನು ಕೊಡಲಿ. ಹಳ್ಳಿಹಳ್ಳಿಯ ಬಂದೂಕುಗಳು ಇನ್ನೂ ಬಹುಕಾಲ ಅವರ ಕೈಯಲ್ಲಿ ಶುದ್ಧವಾಗಲಿ. ಅವರ ಬೈಗುಳ ನಮ್ಮ ಕಿವಿಗೆ ಇನ್ನೂ ಬಹಳ ವರ್ಷ ಬೀಳುತ್ತಿರಲಿ ಎಂದು ಹಾರೈಸುತ್ತೇವೆ. ಅವರ ಅಪ್ಪಣೆಯ ಮೇರೆಗೆ, ಎಲ್ಲರೂ ಓದಿಕೊಳ್ಳಲೆಂದು, ಇನ್ನೆರಡು ಮಾತು ಅಚ್ಚು ಮಾಡಿಸುತ್ತಿದ್ದೇವೆ. ಸಾನಮಾವಿನಲ್ಲಿ ಅವತ್ತು ಸಂಜೆ ಶ್ರೀಮಾನ್ ಚಿನ್ನಪ್ಪನವರು ಹೆದರಿ ನಿಲ್ಲಲಿಲ್ಲ. ಅವರು ಎರಡನೆಯ ಸಲವೂ ಬಂದೂಕಿನ ಕುದುರೆ ಎಳೆದರು.