ಮಡಚಿಟ್ಟ ಮುಖ

ಮೊನ್ನೆ ಮಡಕಶಿರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಪಕ್ಕದಲ್ಲಿ ಹಾದುಹೋದಾಗ ಲಾವಂಚದ ಅತ್ತರಿನ ವಾಸನೆ ಮೂಗಿಗೆ ಬಡಿಯಿತು. ಒಳ್ಳೆಯ ವಾಸನೆಯೇ. ಆದರೂ ಮೂಗು ಮುಚ್ಚಿಕೊಂಡು ದೂರ ಸರಿದೆ. ಆ ಅತ್ತರು ಹಚ್ಚಿಕೊಳ್ಳುತ್ತಿದ್ದ ಮನುಷ್ಯನನ್ನು ನಾವೆಲ್ಲ ಸರ್ ಎಂದು ಕರೆಯುತ್ತಿದ್ದೆವು...

ಸರ್ ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ರೆಸಿಡೆನ್ಸಿ ನಡೆಸುತ್ತಿದ್ದರು. ಚಿತ್ರಕಲೆ ಓದಿ ಆಗಷ್ಟೇ ಹೊರಬಿದ್ದವರಿಗೆ ಕೆಲವು ತಿಂಗಳು ಕೋಣೆ, ಊಟ, ಬಣ್ಣ, ಕೊನೆಗೊಂದು ಪ್ರದರ್ಶನ. ಕಾಲೇಜು ಮುಗಿದ ಮೇಲೆ ಕುಂಚ ಇಡಲೂ ಜಾಗವಿಲ್ಲದ ನನ್ನಂಥವಳಿಗೆ ಅದು ದೊಡ್ಡ ಆಸರೆ, ಸುಳ್ಳೇಕೆ ಹೇಳಲಿ. ಆಯ್ಕೆಯ ದಿನ ಅವರು ನನ್ನ ಚಿತ್ರಗಳನ್ನು ಸರಿಯಾಗಿ ನೋಡಲೂ ಇಲ್ಲ. ಊರು ಜೀನ್ಸ್ ಹೊಲಿಯುವ ರಾಯದುರ್ಗ ಎಂದದ್ದೇ ತಡ, “ಓ, ಜೀನ್ಸ್! ವಲಸೆ! ನಿನ್ನಲ್ಲಿ ನೆಲದ ನೋವು ಇದೆಯಮ್ಮ” ಎಂದು ಕಣ್ಣರಳಿಸಿದರು. ಆ ದಿನ ನನ್ನಲ್ಲಿ ಇದ್ದದ್ದು ನೆಗಡಿ.

ಆ ನೋವನ್ನು ಕಣ್ಣಾರೆ ನೋಡಲು ಒಮ್ಮೆ ಕಾರು ಮಾಡಿಕೊಂಡು ನಮ್ಮೂರಿಗೂ ಬಂದರು. ಜೀನ್ಸ್ ತೊಳೆಯುವ ಕಡೆ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ನೀಲಿ ಚರಂಡಿಯ ಫೋಟೋ ಹೊಡೆದರು. ಹೊಲಿಗೆ ಶೆಡ್ಡಿನಲ್ಲಿ ನನ್ನ ಚಿಕ್ಕಮ್ಮ ಚಹಾ ಕೊಟ್ಟಳು. ಅದನ್ನು ತುಟಿಗೂ ತಾಗಿಸದೆ ಕಿಟಕಿಯಲ್ಲಿಟ್ಟು, ಮೆಷಿನ್ನುಗಳ ಫೋಟೋ ತೆಗೆದು ಹೊರಟರು. ಶ್ರಮಿಕರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ದೊಡ್ಡ ಮನುಷ್ಯ!

ಚಿಕ್ಕಮ್ಮ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದವಳು. ಪ್ರದರ್ಶನಕ್ಕೆ ಅವಳನ್ನೇ ಬರೆಯಬೇಕೆಂದು ನನ್ನ ಹಟ. ಶೆಡ್ಡು ಮುಚ್ಚುವುದು ಆಯುಧಪೂಜೆಗೆ ಮಾತ್ರ. ಆ ರಜೆಯಲ್ಲಿ ಕುಂಕುಮ ಹಚ್ಚಿದ ಮೆಷಿನ್ನಿನ ಮುಂದೆ ಕೂರಿಸಿ, ಜೀನ್ಸ್ ಬಟ್ಟೆಯ ಮೇಲೆ ಅವಳನ್ನು ಬರೆದೆ. ಅಂದು ಮೆಷಿನ್ ತುಳಿಯುವ ಹಾಗಿರಲಿಲ್ಲ, ಆದರೂ ಅವಳ ಬೆರಳುಗಳು ಸುಮ್ಮನಿರಲಿಲ್ಲ.

“ಮುಖ ಸರಿಯಾಗಿ ಬರಿಯವ್ವ” ಎಂದಳು. “ಬೆಂಗಳೂರಾಗ ಇದ್ದಷ್ಟು ದಿನ ನನ್ನ ಲೈನ್ ನಂಬರ್ ಕೂಗಿ ಕರೀತಿದ್ರು. ಈಗ ಅದೇ ಊರಾಗ ನನ್ನ ಮುಖ ಮಂದಿ ನಿಂತು ನೋಡ್ತಾರಂದ್ರ, ನಾ ಬರದs ಇರ್ತೀನೇನು?”

ಚಿತ್ರ ನೋಡಿ ಸರ್ ಮೂಗು ಮುರಿದರು. ಮುಖವಿದ್ದರೆ ಅದು ಬರೀ ಒಬ್ಬ ಹೆಂಗಸಿನ ಚಿತ್ರವಂತೆ, ಕೈಗಳಷ್ಟೇ ಇದ್ದರೆ ಇಡೀ ವ್ಯವಸ್ಥೆಯ ಚಿತ್ರವಂತೆ. ಒಬ್ಬ ಹೆಂಗಸಿನ ಚಿತ್ರವೇ ಸರ್, ನಾನು ಬರೆದದ್ದು ಅದನ್ನೇ, ಮುಖ ಇರಲೇಬೇಕು ಎಂದೆ. “ನೋಡೋಣ” ಎಂದು ನಕ್ಕರು. ಅವರ ಆ ನಗುವಿಗಿಷ್ಟು...

ಉದ್ಘಾಟನೆಯ ದಿನ ಬಸ್ಸಿಳಿದ ಚಿಕ್ಕಮ್ಮನನ್ನು ಕರೆದುಕೊಂಡು ಗ್ಯಾಲರಿಗೆ ಬಂದೆ. ಹೊಸ ಸೀರೆ ಉಟ್ಟಿದ್ದಳು, ಮಲ್ಲಿಗೆ ಮುಡಿದಿದ್ದಳು. ಹಾಲಿನ ನಡುವೆ ಚಿತ್ರವನ್ನು ಹಲಗೆಗೆ ಬಿಗಿದು ತಂತಿಯಲ್ಲಿ ತೂಗುಹಾಕಿದ್ದರು. ಮೆಷಿನ್ ಇತ್ತು, ಕೈಗಳಿದ್ದವು, ಕತ್ತಿನ ಮೇಲೆ ಏನೂ ಇರಲಿಲ್ಲ. ಕೆಳಗೆ ಚೀಟಿ: ಮುಖವಿಲ್ಲದ ದುಡಿಮೆ.

ನಮ್ಮೂರ ಹೊಲಿಗೆಯವರು ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ನೋಡುತ್ತಾರೆ. ಚಿಕ್ಕಮ್ಮ ಸೀದಾ ಚಿತ್ರದ ಹಿಂದಕ್ಕೆ ಹೋದಳು.

“ಕತ್ತರ್ಸಿಲ್ಲ ಬಿಡವ್ವ, ಮಡಚ್ಯಾರ” ಎಂದವಳು ಚೀಲದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದು, ಹಿಂದಿನ ಹಲಗೆಗೆ ಹೊಡೆದಿದ್ದ ಪಿನ್ನುಗಳನ್ನು ಒಂದೊಂದಾಗಿ ಕೀಳತೊಡಗಿದಳು.

ಸರ್ ಓಡಿ ಬಂದರು. “ಅಮ್ಮಾ, ಮುಟ್ಟಬೇಡಿ. ಅದು ಆರ್ಟು.”

“ಆರ್ಟಲ್ರಿ, ನಾನು” ಎಂದಳು. ಮಡಿಕೆ ಬಿಡಿಸಿ, ತನ್ನ ಮುಖವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು ನಿಂತಳು.

ಆ ಮನುಷ್ಯನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅತಿಥಿಗಳ ಕಡೆ ತಿರುಗಿ, “ನೋಡಿ, ನಮಗೆ ಬೇಕಾದದ್ದು ಇದೇ, ಜನರ ಸಹಭಾಗಿತ್ವ!” ಎಂದರು. ಚಪ್ಪಾಳೆ ಬಿತ್ತು. ಎಲ್ಲರೂ ಫೋಟೋ ತೆಗೆದುಕೊಂಡರು. ಚಿಕ್ಕಮ್ಮನನ್ನು ಬಸ್ಸು ಹತ್ತಿಸಿ ನಾನು ಮರಳುವಷ್ಟರಲ್ಲಿ ಮುಖವನ್ನು ಮತ್ತೆ ಮಡಚಿ ಪಿನ್ ಹೊಡೆಸಿದ್ದರು. ಅಂದೇ ಜಗಳವಾಡಿ ಹೊರಬಿದ್ದೆ. ಚಿತ್ರ ಮಾತ್ರ ರೆಸಿಡೆನ್ಸಿಯ ಕರಾರಿನಂತೆ ಗ್ಯಾಲರಿಯದಾಯಿತು.

ಎಷ್ಟೋ ವರ್ಷಗಳ ಮೇಲೆ ಚಿಕ್ಕಮ್ಮ ತೀರಿಕೊಂಡಾಗ ಚಿತ್ರ ಕೇಳಿಕೊಂಡು ಅಲ್ಲಿಗೆ ಹೋದೆ. ಗೋದಾಮಿನಿಂದ ತಂದರು. ಅಷ್ಟು ವರ್ಷವೂ ಮಡಚೇ ಇಟ್ಟಿದ್ದರು, ತೇವಕ್ಕೆ ಮುಖ ಹಲಗೆಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಬಣ್ಣವೆಲ್ಲ ಪುಡಿಯಾಗಿ ಕಾಲ ಮೇಲೆ ಉದುರಿತು. ತಿಥಿಗೆ ಆಧಾರ್ ಕಾರ್ಡಿನ ಮಸುಕು ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು.

ಈಚೆಗೆ ಸರ್ ಕೂಡ ಹೋದರು. ಎಳೆಯ ಕಲಾವಿದರನ್ನು ಬೆಳೆಸಿದ ಮಹಾನುಭಾವ ಎಂದು ಪತ್ರಿಕೆಯಲ್ಲಿ ಬಂತು. ಜೊತೆಗಿದ್ದ ಫೋಟೋದಲ್ಲಿ ಹಣೆಯಿಂದ ಗಡ್ಡದವರೆಗೆ ಅವರ ಮುಖ ಪೂರ್ತಿ ಇತ್ತು, ಯಾರೂ ಮಡಚಿರಲಿಲ್ಲ. ನನ್ನನ್ನೂ ನಾಲ್ಕು ಸಾಲು ಬರೆಯಲು ಕೇಳಿದ್ದರು. ಬರೆಯಲಿಲ್ಲ. ನನಗೆ ಅಳು ಬರುವುದು ಚಿಕ್ಕಮ್ಮನಿಗಾಗಿ.

ಈಗ ಇಲ್ಲಿ ಮಡಕಶಿರದ ಶಾಲೆಯಲ್ಲಿ ಚಿತ್ರ ಕಲಿಸುತ್ತೇನೆ. ರಜೆ ಸಿಕ್ಕಾಗೆಲ್ಲ ಅವಳನ್ನು ಮತ್ತೆ ಬರೆಯಲು ಕೂರುತ್ತೇನೆ. ಕೈಗಳು ಬರುತ್ತವೆ. ಮುಖ ನೆನಪಾಗುತ್ತಿಲ್ಲ...