ಬೊಂತೆ ಹೊದ್ದ ಬಾಯ್ಲರ್

ಗೀಸರ್ ರಿಪೇರಿಯ ಬಾಷಾ ಭಾಯ್ ನಿನ್ನೆ ನಮ್ಮ ಕೋಲಾರದ ಮನೆಯ ಗೀಸರನ್ನು ಬಿಚ್ಚಿ ಬಗ್ಗಿಸಿದಾಗ, ಒಳಗಿಂದ ಅರ್ಧ ಬಕೆಟ್ ಸುಣ್ಣದ ಚಕ್ಕೆ ಉದುರಿತು. ನಮ್ಮ ಕಡೆಯ ಬೋರ್‌ವೆಲ್ ನೀರು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. "ಸಾರ್, ಇದು ಇಷ್ಟು ದಿನ ನೀರು ಕಾಯಿಸ್ತಿರ್ಲಿಲ್ಲ, ಸುಣ್ಣ ಬೇಯಿಸ್ತಿತ್ತು. ಬಿಲ್ ಏರ್ದೆ ಇನ್ನೇನಾಗುತ್ತೆ?" ಎಂದರು ಭಾಯ್. ಕರೆಂಟ್ ಬಿಲ್ ಬಂದಾಗಿನಿಂದ ಮನೆಯಲ್ಲಿ ಒಂದೇ ಸಮನೆ ಗೊಣಗುತ್ತಿದ್ದ ನನಗೆ ಕಳ್ಳ ಸಿಕ್ಕಿಬಿದ್ದಷ್ಟು ಸಮಾಧಾನವಾಯಿತು. ಬಿಸಿನೀರಿನ ಖರ್ಚು ಇಳಿಸಲು ಹೊರಟ ಯಾರನ್ನು ಕಂಡರೂ ನನಗೆ ಮುಳಬಾಗಿಲಿನ ಸೋದರಮಾವನ ನೆನಪಾಗುತ್ತದೆ. ಈ ಸಲ ಹಾಗೆ ಹೊರಟವನು ನಾನೇ ಆಗಿದ್ದೆ.

ಮಾವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ಟುಗಳೆಲ್ಲ ಬಂದು ಅವರ ಮುಂದೆ ಮಲಗುತ್ತಿದ್ದವು. ಇಡೀ ದಿನ ತಾಮ್ರದ ತಂತಿ ಸುತ್ತಿದವರಿಗೆ ಮನೆಗೆ ಬಂದಮೇಲೂ ಏನನ್ನಾದರೂ ಸುತ್ತದಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಅವರ ಬಚ್ಚಲಲ್ಲಿ ಒಂದು ತಾಮ್ರದ ಬಾಯ್ಲರ್ ಇತ್ತು. ನೀವೂ ನೋಡಿರುತ್ತೀರಿ: ಕೆಳಗೆ ಉರಿ, ನಡುವೆ ಹೊಗೆ ಕೊಳವೆ, ಮೇಲಿನ ಬಾಯಿಗೆ ಒಂದು ಚೊಂಬು ತಣ್ಣೀರು ಹುಯ್ದರೆ ಪಕ್ಕದ ಮೂತಿಯಿಂದ ಒಂದು ಚೊಂಬು ಬಿಸಿನೀರು. ಬಹಳ ನ್ಯಾಯವಂತ ಯಂತ್ರ. ಆದರೆ ಈ ನ್ಯಾಯದಲ್ಲಿ ಕಡೆಗೆ ಸ್ನಾನ ಮಾಡುವವರ ಪಾಲಿಗೆ ಬರುವುದು ತಣ್ಣೀರೇ. ಕಡೆಗೆ ಮಾಡುತ್ತಿದ್ದವರು ಯಾವಾಗಲೂ ನಮ್ಮ ಅತ್ತೆ. ಹಬ್ಬದ ಎಣ್ಣೆಸ್ನಾನದ ದಿನವಂತೂ ಎಲ್ಲರ ತಲೆಗೆ ಎಣ್ಣೆ ತಿಕ್ಕಿ, ನೀರು ಹುಯ್ದು, ಅವರ ಸರದಿ ಬರುವಷ್ಟರಲ್ಲಿ ಒಲೆ ಆರಿರುತ್ತಿತ್ತು. ಇನ್ನೊಂದಿಷ್ಟು ಸೌದೆ ಹಾಕಬಹುದಿತ್ತಲ್ಲ ಎನ್ನುತ್ತೀರಿ. "ನನ್ನೊಬ್ಬಳಿಗೆ ಯಾಕೆ ಸೌದೆ ದಂಡ" ಎಂದು ಅತ್ತೆ ಹಾಕಗೊಡುತ್ತಿರಲಿಲ್ಲ.

ಒಂದು ವರ್ಷ ನಾನು ದೀಪಾವಳಿ ರಜೆಗೆ ಹೋಗಿದ್ದಾಗ ಮಾವ ಪಣ ತೊಟ್ಟರು. "ಲೇ, ಇರೋ ಸೌದೇಲೇ ನಿಮ್ಮತ್ತೆಗೆ ಸುಡೋ ನೀರು ಸಿಗ್ಬೇಕು. ಹಬ್ಬದೊಳ್ಗೆ ಮಾಡಿ ತೋರಿಸ್ತೀನಿ, ಚೂಡು" ಎಂದರು. ಉತ್ಸಾಹ ಹೆಚ್ಚಾದರೆ ಮಾವನ 'ನೋಡು' 'ಚೂಡು' ಆಗಿ, ಕನ್ನಡ ತೆಲುಗಿಗೆ ಜಾರುತ್ತಿತ್ತು.

ಮೊದಲು ಕೊಳವೆಯ ಮಸಿ ಕೆರೆದರು. ಆ ಮಸಿ ಮನೆಯವರೆಲ್ಲರಿಗೂ ಸಮನಾಗಿ ಹಂಚಿಕೆಯಾಯಿತು. ಆಮೇಲೆ, ಶಾಖ ಮೇಲೆ ಹೋಗಿ ಪೋಲಾಗುತ್ತದೆಂದು ಕೊಳವೆಯ ಬಾಯಿಗೆ ತಗಡಿನ ಮುಚ್ಚಳ ಹಾಕಿದರು. ಶಾಖ ನಿಂತಿತೋ ಇಲ್ಲವೋ, ಹೊಗೆಯಂತೂ ತಿರುಗಿ ಅಡುಗೆಮನೆಗೆ ಬಂತು. ನೀಲಗಿರಿ ಸೌದೆಯ ಹೊಗೆಯಾದ್ದರಿಂದ ಅಲ್ಲಿದ್ದವರ ನೆಗಡಿಯೆಲ್ಲ ವಾಸಿಯಾಯಿತು ಎನ್ನುವುದೊಂದೇ ಲಾಭ. ಮುಚ್ಚಳ ಕಿತ್ತರು. ಕಡೆಗೆ ಉರಿಯ ಕಡೆಯೊಂದನ್ನು ಬಿಟ್ಟು ಬಾಯ್ಲರಿನ ಮೈಗೆಲ್ಲ ಹುಲ್ಲು ಕಲಸಿದ ಕೆಮ್ಮಣ್ಣು ಮೆತ್ತಿ, ಅದರ ಮೇಲೆ ಗೋಣಿಚೀಲ, ಗೋಣಿಚೀಲದ ಮೇಲೆ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಬೊಂತೆ ಸುತ್ತಿ, ದಾರ ಬಿಗಿದರು.

"ಅದು ಚಳಿಗೆ ನಾನು ಹೊದ್ಕೊಳ್ಳೋ ಬೊಂತೆ" ಎಂದರು ಅತ್ತೆ.

"ಅದಕ್ಕೇ ಕಣೇ ತಗೊಂಡಿದ್ದು. ಬೆಚ್ಚಗಿಡುತ್ತೆ ಅಂತ ಗ್ಯಾರಂಟಿ ಇದೆ" ಎಂದರು ಮಾವ.

ಭಾನುವಾರ ಪರೀಕ್ಷೆ ನಡೆಯಿತು. ನೀರು ನಿಜವಾಗಿಯೂ ಬೇಗ ಕಾಯಿತು, ಆರದೆ ನಿಂತಿತು. ಆದರೆ ಬಿಸಿನೀರು ಇನ್ನು ಮುಗಿಯುವುದೇ ಇಲ್ಲ ಎನ್ನಿಸಿದ ಕೂಡಲೇ ನಮಗೆಲ್ಲ ಮೈಮೇಲೆ ಬಂದಂತಾಯಿತು. ನಾನು ಎರಡೆರಡು ಸಲ ಸೋಪು ಹಚ್ಚಿದೆ. ನೀರು ಕಂಡರೆ ಓಡುತ್ತಿದ್ದ ಮಾವನ ಮಗ ಬಚ್ಚಲಲ್ಲಿ ಹಾಡತೊಡಗಿದ. ಅತ್ತೆಯ ಚೊಂಬಿಗೆ ಕಡೆಗೆ ಬಂದದ್ದು ಅದೇ ತಣ್ಣೀರು. "ಉಗುರುಬೆಚ್ಚಗಿತ್ತು, ಸಾಕು" ಎಂದು ನಡುಗುತ್ತಲೇ ಹೇಳಿ ಒಳಗೆ ಹೋದರು. ಮಾವ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಹಬ್ಬದ ಹಿಂದಿನ ಸಂಜೆ ನೀರು ತುಂಬುವ ಶಾಸ್ತ್ರ. ಹಂಡೆಯನ್ನೋ ಬಾಯ್ಲರನ್ನೋ ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಅರಿಸಿನ ಕುಂಕುಮ ಇಟ್ಟು, ಕೊರಳಿಗೆ ಹಾಗಲಬಳ್ಳಿ ಸುತ್ತಿ ನೀರು ತುಂಬಬೇಕು. ಅತ್ತೆ ಹುಣಸೆಹಣ್ಣು ಹಿಡಿದು ಬಂದರೆ ಬೆಳಗಲು ತಾಮ್ರವೇ ಇಲ್ಲ. ಮಾವ ಇದನ್ನು ಯೋಚಿಸಿರಲೇ ಇಲ್ಲ. ಬಿಚ್ಚಲು ಅವರಿಗೆ ಮನಸ್ಸೂ ಬರಲಿಲ್ಲ. ಅತ್ತೆ ಬೊಂತೆಗೇ ಕುಂಕುಮ ಇಟ್ಟು ಬಳ್ಳಿ ಸುತ್ತಿದರು. ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಅಜ್ಜಿ ಬಚ್ಚಲಿಗೆ ಇಣುಕಿ, "ಯಾರಮ್ಮಾ ಪಾಪ, ಹಬ್ಬದಲ್ಲಿ ಜ್ವರ ಬಂದು ಕೂತವ್ರೆ?" ಎಂದು ಕೇಳಿತು.

ಹಬ್ಬದ ಬೆಳಗ್ಗೆ ಮಾವ ಯಂತ್ರವಿದ್ಯೆಯನ್ನೆಲ್ಲ ಪಕ್ಕಕ್ಕಿಟ್ಟು ಅತ್ತೆಯ ಕೈಗೆ ಟವೆಲ್ ಕೊಟ್ಟರು.

"ಮೊದ್ಲು ನೀನು ಹೋಗು."

"ಮಕ್ಕಳ ತಲೆಗೆ ಎಣ್ಣೆ ಯಾರಿಡ್ತಾರೆ?"

"ನಾನಿಡ್ತೀನಿ, ನಡಿ."

ಅತ್ತೆಯ ನೆತ್ತಿಗೆ ತಾವೇ ಎಣ್ಣೆ ಒತ್ತಿ ಒಳಗೆ ಕಳಿಸಿ, ಬಾಗಿಲಿಗೆ ಅಡ್ಡವಾಗಿ ಸ್ಟೂಲ್ ಹಾಕಿಕೊಂಡು ಕೂತರು. ನಮ್ಮ ತಲೆಗಳಿಗೆ ಬೇರಿಂಗಿಗೆ ಗ್ರೀಸ್ ತುಂಬುವ ಹಾಗೆ ಎಣ್ಣೆ ತುಂಬಿದರು. ಒಳಗಿಂದ ಮೊದಲು ಅವಸರದ ಚೊಂಬಿನ ಸದ್ದು ಕೇಳಿಸುತ್ತಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ ಬಹಳ ಹೊತ್ತು ನಿಲ್ಲಲೇ ಇಲ್ಲ.

ಅತ್ತೆ ಈಚೆ ಬಂದಾಗ ಬೆಳಕು ಹರಿದಿತ್ತು. ಮುಖ ಕೆಂಪಗಾಗಿತ್ತು, ತಲೆಗೆ ಸುತ್ತಿದ ಟವೆಲಿನಿಂದ ಹಬೆ ಏಳುತ್ತಿತ್ತು. "ಏನೂಂದ್ರೆ, ನೀವೆಲ್ಲ ಯಾವಾಗ್ಲೂ ಇಷ್ಟು ಬಿಸಿ ನೀರಲ್ಲೇನಾ ಸ್ನಾನ ಮಾಡೋದು?" ಎಂದು ಕೇಳಿದರು. ಮಾವ ಬಾಯ್ಲರಿನ ಕಡೆ ಕೈ ತೋರಿಸಿ, "ಎಲ್ಲ ಬೊಂತೆ ಮಹಿಮೆ" ಎಂದರು. ಉಳಿದವರು ತಣ್ಣೀರು ಹುಯ್ದುಕೊಂಡು, ಹಲ್ಲು ಕಟಕಟಿಸುತ್ತ ಬೊಂತೆಯನ್ನು ಹೊಗಳಿದೆವು.

ಇದೆಲ್ಲ ನೆನಪಾಗಿ, ಭಾಯ್ ಹೊರಟಮೇಲೆ ನಾನು ಟವೆಲ್ ತಂದು ಹೆಂಡತಿಯ ಕೈಗಿಟ್ಟೆ. "ಗೀಸರ್ ಹೊಸದರ ಹಾಗಾಗಿದೆ. ಮೊದ್ಲು ನೀನು ಮಾಡು" ಎಂದೆ, ಸ್ವಲ್ಪ ತ್ಯಾಗಮೂರ್ತಿಯ ದನಿಯಲ್ಲೇ.

ಅವಳು ಟವೆಲನ್ನು ನೋಡಿದಳು, ನನ್ನನ್ನು ನೋಡಿದಳು. "ನಾನು ದಿನಾ ನೀವು ಏಳೋಕೆ ಮುಂಚೆನೇ ಮಾಡ್ತೀನಿ. ಗೀಸರ್ ಹಾಕ್ಕೊಂಡು, ಚಿಲಕ ಹಾಕ್ಕೊಂಡು, ಬಿಸಿನೀರು ಖಾಲಿಯಾಗೋ ತನಕ. ಬಿಲ್ ಬರೋದು ಅದಕ್ಕೇ. ಸುಣ್ಣ ಪಾಪ, ಏನ್ ಮಾಡ್ತು?" ಎಂದಳು.

ಇಷ್ಟು ವರ್ಷ ನನ್ನ ಪಾಲಿಗೆ ಅರೆಬಿಸಿ ನೀರು ಏಕೆ ಬರುತ್ತಿತ್ತೆಂದು ಆಗ ತಿಳಿಯಿತು. ಸಿಟ್ಟು ಬರಬೇಕಿತ್ತು. ಅದರ ಬದಲು, ನಮ್ಮ ಮದುವೆಗೆ ಮುಂಚೆಯೇ ತೀರಿಹೋದ ಮುಳಬಾಗಿಲಿನ ಅತ್ತೆಗೆ ಇವಳನ್ನು ಒಂದು ಸಲ ತೋರಿಸಬೇಕಿತ್ತು ಎನ್ನಿಸಿ ತಡೆಯಲಾರದಷ್ಟು ಸಂತೋಷವಾಯಿತು. ಅವಳು ಟವೆಲನ್ನು ತಿರುಗಿ ನನ್ನ ಹೆಗಲಿಗೆ ಹಾಕಿದಳು. ಅದನ್ನು ಹಾಗೇ ಹಾಕಿಕೊಂಡು ಹೋಗಿ ಬಿಲ್ ಕಟ್ಟಿಬಂದೆ.