ಬಲೆಯ ಬಳಿಯ ಬೋದಿಲ್

ಬೋದಿಲ್ ಕ್ರಾಗೆಲುಂಡಳ ಮನೆಯ ಗೋಡೆಯ ಮೇಲೆ ಹದಿನೇಳು ಛಾಯಾಚಿತ್ರಗಳಿವೆ. ಒಂದರಲ್ಲಿಯೂ ಅವಳು ಒಬ್ಬಳೇ ಇಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದವಳು ನಲವತ್ತಮೂರರಲ್ಲಿ ಅದನ್ನು ಕೆಳಗಿಡುವವರೆಗೂ ಜೋಡಿ ಆಟವನ್ನು ಬಿಟ್ಟು ಬೇರೆ ಆಡಲಿಲ್ಲ. ಇದಕ್ಕೆ ದೊಡ್ಡ ತತ್ತ್ವವೇನೂ ಇರಲಿಲ್ಲ. ಆಸೆನ್ಸ್ ಪಟ್ಟಣದ ಕ್ಲಬ್ಬಿಗೆ ಆಗ ಇದ್ದದ್ದು ಒಂದೇ ಅಂಗಳ, ಮಕ್ಕಳು ಇಪ್ಪತ್ತು. ಬಲೆಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು ನಿಂತರೆ ಉಳಿದ ಹದಿನೆಂಟು ಮಂದಿ ಗೋಡೆಗೆ ಒರಗಿ ಚಳಿಯಲ್ಲಿ ನಡುಗಬೇಕಾಗಿತ್ತು. ಆದ್ದರಿಂದ ಆ ಊರಿನಲ್ಲಿ ಎಲ್ಲರೂ ಜೋಡಿಯಾಗಿಯೇ ಆಡಲು ಕಲಿತರು. ಒಂದೇ ಕೈಯಲ್ಲಿ ಚಪ್ಪಾಳೆಯಾಗದು ಎಂಬುದನ್ನು ಬೋದಿಲ್‌ಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಡೆನ್ಮಾರ್ಕಿನಲ್ಲಿ ಯಾರಾದರೂ ತುಸು ಮೇಲೇರಿದರೆ ಕಾಲು ಹಿಡಿದು ನೆಲಕ್ಕೆಳೆಯುವುದನ್ನು ನೆರೆಹೊರೆಯವರು ತಮ್ಮ ಕರ್ತವ್ಯವೆಂದೇ ಭಾವಿಸುತ್ತಾರೆ. ಬೇಕರಿಯ ಓಲುಫ್ ಆ ಕರ್ತವ್ಯಕ್ಕೆ ಒಂದು ದಿನವೂ ರಜೆ ಹಾಕಿದವನಲ್ಲ.

"ಬಂದಳಪ್ಪ ನಮ್ಮ ಅರ್ಧ ಚಾಂಪಿಯನ್! ಏನಮ್ಮ, ಬ್ರೆಡ್ಡೂ ಅರ್ಧ ಸಾಕಾ?"

"ಪೂರ್ತಿ ಕೊಡು ಓಲುಫ್. ದುಡ್ಡು ಮಾತ್ರ ಅರ್ಧ ಕೊಡ್ತೀನಿ."

ಆ ದಿನಗಳಲ್ಲಿ ಆಟದಿಂದ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಬೋದಿಲ್ ಊರ ಹೊರಗಿನ ಗಾಜಿನಮನೆಯಲ್ಲಿ ಸೌತೆಬಳ್ಳಿಗಳನ್ನು ದಾರಕ್ಕೆ ಹಬ್ಬಿಸುವ ಕೆಲಸದಲ್ಲಿದ್ದಳು. ಬೆಳಗಿನ ಆರರಿಂದ ಎರಡರವರೆಗೆ ಬಳ್ಳಿ, ನಾಲ್ಕರಿಂದ ಏಳರವರೆಗೆ ಷಟಲ್. ಬಳ್ಳಿಯ ಕುಡಿ ಮುರಿಯದಂತೆ ತಿರುಗಿಸುವ ಬೆರಳುಗಳೇ ಬಲೆಯ ಬಳಿ ಷಟಲನ್ನು ಗರಿ ಮುರಿಯದಂತೆ ಆಚೆಗೆ ಇಳಿಬಿಡುತ್ತಿದ್ದವು. ಅವಳ ಆಟದಲ್ಲಿ ಅಬ್ಬರವಿರಲಿಲ್ಲ. ಎದುರಾಳಿಗಳು ತಮ್ಮ ತಪ್ಪಿನಿಂದಲೇ ಸೋತೆವೆಂದು ತಿಳಿದು ಮನೆಗೆ ಹೋಗುತ್ತಿದ್ದರು.

ಅಬ್ಬರವೆಲ್ಲ ಟೋವೆ ಬುಂಡ್‌ಗಾರ್ಡಳದು. ಬೋದಿಲ್‌ಗಿಂತ ಆರು ವರ್ಷ ಚಿಕ್ಕವಳು, ಅವಳಿಗಿಂತ ಒಂದು ಗೇಣು ಎತ್ತರದವಳು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಕೈಯಿಂದಲೇ ಷಟಲನ್ನೂ ಹೊಡೆಯುತ್ತಾಳೆಂದು ಜನ ಹೇಳುತ್ತಿದ್ದರು. ಬೋದಿಲ್ ಮುಂದೆ, ಟೋವೆ ಹಿಂದೆ. ಹನ್ನೊಂದು ವರ್ಷ ಈ ಏರ್ಪಾಡು ಕದಲಲಿಲ್ಲ. ಮುಂದೆ ನಿಂತವಳಿಗೆ ಬೆನ್ನಿನಲ್ಲಿ ಕಣ್ಣಿಲ್ಲವಷ್ಟೆ? ಷಟಲ್ ತನ್ನ ತಲೆಯ ಮೇಲಿನಿಂದ ಹಾದುಹೋದೊಡನೆ ಬೋದಿಲ್ "ಟೋವೆ!" ಎಂದು ಕೂಗುತ್ತಿದ್ದಳು. ಆ ಕೂಗು ಕಿವಿಗೆ ತಲುಪುವ ಮೊದಲೇ ಟೋವೆಯ ಕಾಲುಗಳು ಹಿಂದಿನ ಮೂಲೆಯನ್ನು ಸೇರಿರುತ್ತಿದ್ದವು. ಈ ಕೂಗಿನ ಬಲದಿಂದ ಇಬ್ಬರೂ ಎರಡು ಬಾರಿ ದೇಶದ ಕಿರೀಟ ಗೆದ್ದರು. ಇಂಡೋನೇಷ್ಯಾದ ಜೋಡಿಯೊಂದರ ಮುಂದೆ ಒಮ್ಮೆ ಚೆನ್ನಾಗಿ ಸೋತು ಬಂದು, ಆ ಸೋಲನ್ನು ಗೆಲುವಿಗಿಂತ ಹೆಚ್ಚು ಸಲ ಬಣ್ಣಿಸಿದರು.

ಬೋದಿಲ್‌ಗೆ ಮೂವತ್ತಮೂರು ತುಂಬಿದ ಚಳಿಗಾಲದಲ್ಲಿ ರಾಷ್ಟ್ರೀಯ ತಂಡದ ತರಬೇತುದಾರ ಪ್ರೆಬೆನ್ ಕಾಫಿ ಕುಡಿಯುತ್ತ ವಿಷಯ ತೆಗೆದ.

"ಬೋದಿಲ್, ಬೇಜಾರು ಮಾಡ್ಕೋಬೇಡ. ವಸಂತದಲ್ಲಿ ಯುರೋಪಿನ ಪಂದ್ಯಾವಳಿ. ಟೋವೆ ಜೊತೆಗೆ ಆ ಹೊಸ ಹುಡುಗಿ ಪೆರ್ನಿಲ್ಲೆನ ಆಡಿಸಿ ನೋಡೋಣ ಅಂತಿದೀನಿ."

"ನನ್ನ ಕಾಲು ನಿಂತುಹೋಗಿದೆ ಅಂತ ನೇರವಾಗಿ ಹೇಳು. ಕಾಫಿಗೆ ಸಕ್ಕರೆ ಹಾಕಿದ ಹಾಗೆ ಮಾತಾಡ್ಬೇಡ."

"ನಿಂತಿಲ್ಲ. ಸ್ವಲ್ಪ ತಡವಾಗಿ ಹೊರಡ್ತಿದೆ, ಅಷ್ಟೆ."

"ಹಾಗಾದ್ರೆ ಆಡಿ ತೋರಿಸ್ತೀನಿ. ನಾನು ಗೆದ್ರೆ ನನ್ನ ಜಾಗ ನನಗೆ. ಸೋತ್ರೆ ಅವಳಿಗೆ."

ಪ್ರೆಬೆನ್ ಒಪ್ಪಿದ. ಆಟ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಓಡೆನ್ಸೆಯ ಕ್ರೀಡಾಭವನದಲ್ಲೆಂದು ಗೊತ್ತಾಯಿತು. ಒಂದು ಕಡೆ ಟೋವೆ ಮತ್ತು ಪೆರ್ನಿಲ್ಲೆ; ಇನ್ನೊಂದು ಕಡೆ ಬೋದಿಲ್ ಮತ್ತು ಬೋರ್ನ್‌ಹೋಲ್ಮ್ ದ್ವೀಪದಿಂದ ಬಂದ ಗುರ್ಲಿ ಎಂಬ ಗಟ್ಟಿ ಹೆಂಗಸು. ಗುರ್ಲಿಗೆ ಯಾವ ಜಾಗದ ಆಸೆಯೂ ಇರಲಿಲ್ಲ. ಆಟವಿದೆ ಎಂದರು, ದೋಣಿ ಹತ್ತಿ ಬಂದಳು.

ಬೋದಿಲ್ ಮತ್ತು ಟೋವೆ ಎಂದಿನಂತೆ ಒಂದೇ ಕಾರಿನಲ್ಲಿ ಹೊರಟರು. ಅಂದು ಮಾತ್ರ ಕಾರಿನಲ್ಲಿ ರೇಡಿಯೊ ಬಹಳ ಜೋರಾಗಿತ್ತು.

ಮೊದಲ ಆಟ ಟೋವೆಯ ಕಡೆಗೆ ಹೋಯಿತು, ಎರಡನೆಯದು ಬೋದಿಲ್‌ಗೆ ಬಂತು. ಮೂರನೆಯದರಲ್ಲಿ ಬೋದಿಲ್ ತನ್ನ ಅನುಭವದ ಬುಟ್ಟಿಯನ್ನೆಲ್ಲ ಸುರಿದಳು. ಟೋವೆಯ ಯಾವ ಮಂಡಿಗೆ ನೋವಿದೆ, ಯಾವ ಹೊಡೆತಕ್ಕೆ ಅವಳು ಮುಖ ಸಿಂಡರಿಸುತ್ತಾಳೆ ಎಂಬುದು ಅವಳ ಹೆತ್ತ ತಾಯಿಗೂ ಇಷ್ಟು ತಿಳಿದಿರಲಿಲ್ಲ. ಹದಿನೈದಕ್ಕೆ ಮುಗಿಯುವ ಆಟದಲ್ಲಿ ಬೋದಿಲ್‌ಳ ಕಡೆ ಹದಿನಾಲ್ಕು, ಆ ಕಡೆ ಹನ್ನೆರಡು ಆಯಿತು. ಸರ್ವ್ ಮಾಡುವ ಕಡೆಗೆ ಮಾತ್ರ ಅಂಕ ಸಿಗುತ್ತಿದ್ದ ಕಾಲವದು; ಆ ಸರದಿಯೂ ಅವಳದೇ. ಇನ್ನೊಂದು ಅಂಕ ಬಂದರೆ ಜಾಗ ಉಳಿಯಿತು.

ಅವಳು ಸರ್ವ್ ಮಾಡಿ ಬಲೆಯ ಬಳಿ ನಿಂತಳು. ಹತ್ತಾರು ಹೊಡೆತಗಳು ಆಚೀಚೆ ಹಾರಿದವು. ಕೊನೆಗೆ, ಆ ಓಡಾಟದಲ್ಲಿ ಪೆರ್ನಿಲ್ಲೆಯನ್ನು ಹಿಂದೆ ಬಿಟ್ಟು ಎದುರಿನಲ್ಲಿ ಬಲೆಯ ಹತ್ತಿರ ಬಂದಿದ್ದ ಟೋವೆ ಷಟಲನ್ನು ಬೋದಿಲ್‌ಳ ನೆತ್ತಿಯ ಮೇಲಿನಿಂದ ಹಿಂದಕ್ಕೆ ಹಾರಿಸಿದಳು. ಹನ್ನೊಂದು ವರ್ಷ ಒಂದೇ ಹೆಸರನ್ನು ನುಡಿದ ನಾಲಗೆ ಆಗ ಯಜಮಾನಿಯ ಅಪ್ಪಣೆಗೆ ಕಾಯಲಿಲ್ಲ.

"ಟೋವೆ!" ಎಂದು ಬೋದಿಲ್ ಕೂಗಿದಳು.

ಹಿಂದಿದ್ದ ಗುರ್ಲಿ ಯಾರ ಹೆಸರು ಕೂಗಿದರೂ ತನಗೇ ಎಂದುಕೊಂಡು ಓಡಿ ಷಟಲನ್ನು ಮರಳಿಸಿದಳು. ಆದರೆ ಬಲೆಯ ಆಚೆಗಿದ್ದ ಟೋವೆಯ ಕಾಲುಗಳೂ ಆ ಕೂಗಿಗೆ ಓಗೊಟ್ಟಿದ್ದವು! ಆಕೆ ತನ್ನ ಜಾಗ ಬಿಟ್ಟು ಹಿಂದಿನ ಮೂಲೆಗೆ ಧಾವಿಸಿ, ಅಲ್ಲಿ ಮೊದಲೇ ನಿಂತಿದ್ದ ಪೆರ್ನಿಲ್ಲೆಗೆ ಡಿಕ್ಕಿ ಹೊಡೆದಳು. ಎರಡು ರ‍್ಯಾಕೆಟ್‌ಗಳು ಕೊಂಬು ಸಿಕ್ಕಿಸಿಕೊಂಡ ಟಗರುಗಳಂತೆ ಹೆಣೆದುಕೊಂಡವು. ಗುರ್ಲಿ ಹೊಡೆದ ಷಟಲ್ ಖಾಲಿ ಬಿದ್ದಿದ್ದ ಮುಂಭಾಗದಲ್ಲಿ ಮೆತ್ತಗೆ ಇಳಿಯಿತು.

ಅಂಕ ಬರೆಯುತ್ತಿದ್ದ ಪ್ರೆಬೆನ್ ಕೈ ಎತ್ತಿದ. "ಹದಿನೈದು, ಹನ್ನೆರಡು. ಮುಗೀತು."

"ಮುಗಿದಿಲ್ಲ," ಎಂದಳು ಬೋದಿಲ್. "ಅದು ಲೆಕ್ಕಕ್ಕಿಲ್ಲ. ಮತ್ತೆ ಆಡೋಣ."

"ಬೇಕಂತ ಕೂಗಿದ್ಯಾ?"

"ಬೇಕಂತ ಕೂಗೋಕೆ ನನಗೇನು ತಲೆ ಕೆಟ್ಟಿದ್ಯಾ?"

"ಮತ್ತೆ? ಬೇಕಂತ ಗಮನ ತಪ್ಪಿಸಿದ್ರೆ ತಪ್ಪು. ಬಾಯಿ ಜಾರಿದ್ರೆ ತಪ್ಪಲ್ಲ. ಅಂಕ ನಿಂದೇ."

ಗುರ್ಲಿ ಅವಳ ಅಂಗಿಯ ತೋಳು ಹಿಡಿದೆಳೆದಳು. "ಅಯ್ಯೋ ಪುಣ್ಯಾತ್ಗಿತ್ತಿ, ಕೊಟ್ಟಿದ್ದನ್ನ ತಗೋ! ನನಗೆ ಮಧ್ಯಾಹ್ನದ ದೋಣಿ ಇದೆ."

ಬೋದಿಲ್ ಬಲೆಯ ಆಚೆ ನೋಡಿದಳು. ಟೋವೆ ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪೆರ್ನಿಲ್ಲೆ ಮಾತ್ರ ಹಣೆಗೆ ಬಿದ್ದ ಪೆಟ್ಟನ್ನು ಸವರಿಕೊಳ್ಳುತ್ತ, ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ, ಅಳುವ ಹಾಗೆ ನಿಂತಿದ್ದಳು. ಆ ಹುಡುಗಿಗೆ ಹತ್ತೊಂಬತ್ತು ವರ್ಷ. ಆಡಿ ಸೋಲುವುದು ಬೇರೆ, ಬೇರೊಬ್ಬರ ಹಳೆಯ ಅಭ್ಯಾಸಕ್ಕೆ ಅಡ್ಡಬಿದ್ದು ಸೋಲುವುದು ಬೇರೆ.

"ಮತ್ತೆ ಆಡೋಣ ಅಂದೆ," ಎಂದು ಹೇಳಿ ಬೋದಿಲ್ ಷಟಲನ್ನು ಎತ್ತಿಕೊಂಡಳು.

ಆ ಬಳಿಕ ಅವಳು ತುಟಿ ಬಿಗಿದುಕೊಂಡಳು. ಮತ್ತೆ ಬಾಯಿ ಜಾರಬಾರದೆಂಬ ಹಟ. ಸರ್ವ್ ಬಲೆಗೆ ತಾಗಿ ತನ್ನ ಕಡೆಗೇ ಬಿತ್ತು. ಜೋಡಿಯ ಎರಡನೆಯ ಸರ್ವ್ ಗುರ್ಲಿಯದು, ಅದೂ ವ್ಯರ್ಥವಾಗಿ ಸರದಿ ಎದುರಾಳಿಗಳಿಗೆ ಹೋಯಿತು. ಆ ಕಡೆಯವರು ಹದಿಮೂರಕ್ಕೆ ಏರಿ, ಹದಿನಾಲ್ಕಕ್ಕೂ ಬಂದರು. ಸಮವಾದಾಗ ಆಟವನ್ನು ಇನ್ನು ಮೂರು ಅಂಕ ಬೆಳೆಸಬೇಕೋ, ಒಂದೇ ಅಂಕಕ್ಕೆ ಮುಗಿಸಬೇಕೋ ಎಂದು ಹೇಳುವ ಹಕ್ಕು ಹದಿನಾಲ್ಕನ್ನು ಮೊದಲು ಮುಟ್ಟಿದವರದಾಗಿತ್ತು.

"ಮೂರು ತಗೊಳ್ತೀಯಾ?" ಎಂದು ಪ್ರೆಬೆನ್ ಕೇಳಿದ.

"ಬೇಡ. ಒಂದೇ."

ಪೆರ್ನಿಲ್ಲೆ ಹಿಂದಿನಿಂದ ಹಾರಿ ಬಾರಿಸಿದಳು. ಷಟಲ್ ಬೋದಿಲ್ ಮತ್ತು ಗುರ್ಲಿಯ ನಟ್ಟನಡುವೆ ಬಂತು. ಯಾರದೆಂದು ಒಂದು ಮಾತು ಸಾಕಿತ್ತು. ಬೋದಿಲ್‌ಳ ಬಾಯಿ ತೆರೆಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ನೋಡುತ್ತಿರುವಾಗ ಷಟಲ್ ಅವರ ನಡುವೆ ನೆಲ ಸೇರಿತು.

"ಈಗ ಕೂಗೋದಲ್ವೇನೇ!" ಎಂದು ಗುರ್ಲಿ ಹಣೆ ಚಚ್ಚಿಕೊಂಡಳು. "ಬೇಡದಾಗ ಇಡೀ ಓಡೆನ್ಸೆಗೆ ಕೇಳೋ ಹಾಗೆ ಕಿರುಚ್ತೀಯ, ಬೇಕಾದಾಗ ಚರ್ಚಿನಲ್ಲಿ ಕೂತ ಹಾಗೆ ಇರ್ತೀಯ!"

ಬೋದಿಲ್ ಬಲೆಯ ಕೆಳಗಿನಿಂದ ಕೈ ಚಾಚಿ ಪೆರ್ನಿಲ್ಲೆಯ ಕೈ ಕುಲುಕಿದಳು. "ಆಟಕ್ಕೆ ಥ್ಯಾಂಕ್ಸ್. ಹಣೆಗೆ ತಣ್ಣನೆ ಚಮಚ ಒತ್ತಿಕೋ, ಊದಲ್ಲ."

ಕ್ಯಾಂಟೀನಿನಲ್ಲಿ ಪ್ರೆಬೆನ್ ಅವಳ ಎದುರಿಗೆ ಬಂದು ಕುಳಿತ. ತಂಡದಲ್ಲಿ ಮೀಸಲು ಆಟಗಾರ್ತಿಯ ಜಾಗವೊಂದಿದೆ, ಅವಳ ಹೆಸರನ್ನು ಈಗಲೇ ಬರೆಯುತ್ತೇನೆ ಎಂದ. ಬೋದಿಲ್ ರೈ ಬ್ರೆಡ್ಡಿನ ತುಂಡನ್ನು ನಿಧಾನವಾಗಿ ಅಗಿದು ನುಂಗಿದಳು.

"ಬರೀಬೇಡ," ಎಂದಳು.

ಮರಳುವಾಗ ಕಾರು ಓಡಿಸಿದವಳು ಟೋವೆ. ನಗುವೆಲ್ಲ ಮುಗಿದು ಅವಳ ಮುಖ ಸಣ್ಣದಾಗಿತ್ತು. ಅರ್ಧ ದಾರಿಯವರೆಗೂ ಹೊಲಗಳನ್ನು ಬಿಟ್ಟು ಬೇರೆ ಯಾವುದನ್ನೂ ಇಬ್ಬರೂ ನೋಡಲಿಲ್ಲ.

"ನೀನು ಬಾಯಿ ಮುಚ್ಕೊಂಡು ಆ ಅಂಕ ತಗೊಂಡಿದ್ರೆ ನಾವಿಬ್ರೂ ಹೋಗ್ತಿದ್ವಿ," ಎಂದಳು ಟೋವೆ.

"ಹೋಗ್ತಿದ್ವಿ. ಅಲ್ಲಿ ಪ್ರತಿ ಸಲ ನಿನ್ನ ಹೆಸರು ಕೂಗುವಾಗ ನನಗೆ ಆ ಹುಡುಗಿ ಹಣೆ ನೆನಪಾಗೋದು."

"ಸರಿ, ಹಾಳಾಗಿ ಹೋಗ್ಲಿ. ಬೆಂಚಿನ ಮೇಲಾದ್ರೂ ಬಂದು ಕೂತ್ಕೋಬಾರದಾ? ನೀನು ಹತ್ತಿರ ಇದ್ರೆ ನನಗೆ ಧೈರ್ಯ ಕಣೇ."

"ಅದಕ್ಕೇ ಬರಲ್ಲ ಅಂದಿದ್ದು. ನಾನು ಬೆಂಚಲ್ಲಿ ಕೂತ್ರೆ ನೀನು ಅಂಕ ಅಂಕಕ್ಕೂ ನನ್ನ ಕಡೆ ತಿರುಗ್ತೀಯ. ನಿನ್ನ ಮುಂದೆ ನಿಂತಿರೋಳು ಅವಳು. ಅವಳ ಬೆನ್ನು ನೋಡೋದು ಕಲಿ."

ಟೋವೆ ಕಣ್ಣೊರೆಸಿಕೊಂಡು, "ಅವಳು ಅಂಗಳದಲ್ಲಿ ಬಾಯೇ ಬಿಡಲ್ಲ ಕಣೇ, ಮೂಗಿ ಹಾಗೆ ಆಡ್ತಾಳೆ," ಎಂದಳು.

"ಹಾಗಾದ್ರೆ ಮಂಗಳವಾರ ನಾಲ್ಕು ಗಂಟೆಗೆ ಅವಳನ್ನ ನಮ್ಮ ಕ್ಲಬ್ಬಿಗೆ ಕರ್ಕೊಂಡು ಬಾ," ಎಂದಳು ಬೋದಿಲ್. "ಆಟ ಅವಳಿಗೆ ಬರುತ್ತೆ. ಕೂಗೋದು ನಾನು ಕಲಿಸ್ತೀನಿ. ಈಗ ಎಡಕ್ಕೆ ತಿರುಗಿಸು, ದಾರಿ ತಪ್ಪಿದೀಯ."